ಮನೆ ಶುಚಿಗೊಳಿಸುವ ಕೆಲಸಕ್ಕೆ ನ್ಯಾಯದ ದರ

ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯ 'ಅಲ್ ಮುತಫ್ಫಿಫೀನ್' ಅಳತೆ ತೂಕಗಳಲ್ಲಿ ಮೋಸ ಮಾಡುವವರಿಗೆ ನೀಡಿದ ಕಠಿಣ ಎಚ್ಚರಿಕೆಯೊಂದಿಗೆ ಆರಂಭವಾಗುತ್ತದೆ. ತಮಗೆ ಬರಬೇಕಾದುದನ್ನು ಪೂರ್ತಿಯಾಗಿ ಅಳೆದು ಪಡೆಯುವ, ಇತರರಿಗೆ ಕೊಡುವಾಗ ಮಾತ್ರ ಕಡಿಮೆ ಮಾಡುವ ಜನರ ಪ್ರಸ್ತಾಪ ಅಲ್ಲಿದೆ. ಅಕ್ಕಿಗೆ ತಕ್ಕಡಿಯಿದೆ, ಬಟ್ಟೆಗೆ ಮೀಟರ್ ಇದೆ, ಹಾಲಿಗೆ ಲೀಟರ್ ಇದೆ. ಆದರೆ ಒಂದು ಮನೆಯ ಕೊಳೆಯನ್ನು ತೂಗುವ ತಕ್ಕಡಿ ಯಾವುದು? ಅಡುಗೆ ಮನೆಯ ಗೋಡೆಗೆ ವರ್ಷಗಳಿಂದ ಅಂಟಿದ ಜಿಡ್ಡನ್ನು ಉಜ್ಜಿ ತೆಗೆದ ಕೈಗಳಿಗೆ ಎಷ್ಟು ಕೊಟ್ಟರೆ ಪೂರ್ತಿ ಕೊಟ್ಟಂತಾಗುತ್ತದೆ, ಎಷ್ಟು ಕೇಳಿದರೆ ಹೆಚ್ಚು ಕೇಳಿದಂತಾಗುತ್ತದೆ?

ಈ ಪ್ರಶ್ನೆ ಇಂದು ನಮ್ಮ ಮನೆಗಳಿಗೆ ಹತ್ತಿರದ್ದು. ಕೊಲ್ಲಿ ರಾಷ್ಟ್ರಗಳಲ್ಲಿ ಶುಚೀಕರಣ ಕಂಪೆನಿಗಳಲ್ಲಿ ದುಡಿದು ಊರಿಗೆ ಮರಳಿದ ನಮ್ಮ ಯುವಕರಲ್ಲಿ ಕೆಲವರು ಅದೇ ಕಸುಬನ್ನು ಇಲ್ಲಿ ಸ್ವಂತವಾಗಿ ಆರಂಭಿಸಿದ್ದಾರೆ. ನಮ್ಮ ನೆರೆಹೊರೆಯ ಸಹೋದರಿಯರು ಅವರೊಂದಿಗೆ ದುಡಿಯುತ್ತಿದ್ದಾರೆ. ಇನ್ನೂ ಅನೇಕ ಕುಟುಂಬಗಳು ರಂಝಾನ್‌ಗೆ ಮುಂಚೆ, ಮದುವೆಗೆ ಮುಂಚೆ, ಮಳೆಗಾಲ ಮುಗಿದ ಮೇಲೆ ಅವರನ್ನು ಕರೆಸುತ್ತಿವೆ. ಆದ್ದರಿಂದ ಈ ತಿಂಗಳ ಪಾಠವನ್ನು ಇದಕ್ಕೇ ಮೀಸಲಿಡುತ್ತೇನೆ.

ನಾನು ಕೊಟ್ಟ ತಪ್ಪು ಸಲಹೆ

2023ರ ಮಳೆಗಾಲ ಮುಗಿದ ಸಮಯ. ರಿಯಾದ್‌ನಿಂದ ಮರಳಿ ಈ ಕೆಲಸ ಆರಂಭಿಸಿದ್ದ ಯುವಕನೊಬ್ಬ ಒಂದು ರಾತ್ರಿ ಇಶಾ ನಮಾಝಿನ ನಂತರ ನನ್ನ ಬಳಿ ಬಂದು ಕುಳಿತ. "ಉಸ್ತಾದ್, ಒಂದು ಮನೆಯನ್ನು 2,500 ರೂಪಾಯಿಗೆ ಒಪ್ಪಿಕೊಂಡೆ. ಫೋನಿನಲ್ಲೇ ಮಾತಾಯಿತು. 'ಎರಡು ಕೋಣೆಯ ಮನೆ' ಎಂದಷ್ಟೇ ಅವರು ಹೇಳಿದ್ದರು. ಹೋಗಿ ನೋಡಿದರೆ ಮಳೆಗಾಲವಿಡೀ ಬೀಗ ಹಾಕಿದ್ದ ಮನೆ. ಗೋಡೆ, ಕಪಾಟುಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಒಂದು ದಿನದ ಕೆಲಸಕ್ಕೆ ಒಂದೂವರೆ ದಿನ ಹಿಡಿಯಿತು. ಈಗ ಹೆಚ್ಚು ಕೇಳಬಹುದೇ?" ಎಂದು ಕೇಳಿದ.

ನಾನು ಹೆಚ್ಚು ಯೋಚಿಸಲಿಲ್ಲ. "ಮಾತು ಕೊಟ್ಟಿದ್ದೀಯಲ್ಲ, ಸಬ್ರ್ ಮಾಡು. ಅಲ್ಲಾಹನು ಬೇರೆ ದಾರಿಯಲ್ಲಿ ಕೊಡುತ್ತಾನೆ" ಎಂದೆ. ಅವನು ತಲೆಯಾಡಿಸಿ ಹೋದ. ಒಳ್ಳೆಯ ಉಪದೇಶ ಕೊಟ್ಟೆನೆಂಬ ಸಮಾಧಾನ ನನಗಿತ್ತು.

ಒಂದು ವಾರದ ಬಳಿಕ ಮದ್ರಸದಲ್ಲಿ ಪುಸ್ತಕದ ಹಣ ತರದ ಹುಡುಗನೊಬ್ಬನನ್ನು ವಿಚಾರಿಸಿದೆ. "ಉಮ್ಮಾಗೆ 400 ರೂಪಾಯಿ ಬರಲಿಕ್ಕಿದೆ, ಬಂದ ಕೂಡಲೇ ಕೊಡುತ್ತಾರೆ" ಎಂದ. ಆತನ ತಾಯಿ ಅದೇ ಮನೆಯಲ್ಲಿ ದುಡಿದಿದ್ದ ಇಬ್ಬರಲ್ಲಿ ಒಬ್ಬಳು. ದಿನಕ್ಕೆ 800 ರೂಪಾಯಿಯಂತೆ ಒಂದೂವರೆ ದಿನಕ್ಕೆ ತಲಾ 1,200 ಆಗಬೇಕಿತ್ತು. ಇಬ್ಬರಿಗೂ ಕೊಟ್ಟರೆ 2,400. ಔಷಧಿ, ಬ್ರಷ್, ಆಟೋ ಬಾಡಿಗೆಗೆ ಮತ್ತೆ 700. ಒಟ್ಟು 3,100 ರೂಪಾಯಿ ಖರ್ಚು, ಕೈಗೆ ಬಂದದ್ದು 2,500. ಯುವಕನು ಇಬ್ಬರಿಗೂ 800 ಕೊಟ್ಟು, ಉಳಿದದ್ದನ್ನು ಮುಂದಿನ ಕೆಲಸ ಸಿಕ್ಕಿದ ಮೇಲೆ ಕೊಡುವುದಾಗಿ ಹೇಳಿದ್ದ.

ಆಗ ನನಗೆ ನನ್ನ ತಪ್ಪು ಅರಿವಾಯಿತು. ನಾನು ಸಬ್ರ್‌ನ ಉಪದೇಶ ಮಾಡಿದ್ದು ಯುವಕನಿಗೆ, ಆದರೆ ಸಹಿಸಿಕೊಳ್ಳಬೇಕಾಗಿ ಬಂದದ್ದು ಆ ತಾಯಿಗೆ. ನನ್ನನ್ನು ಕೇಳಲು ಬಂದವನ ಕಷ್ಟವನ್ನು ಮಾತ್ರ ನಾನು ಕೇಳಿದ್ದೆ. ಕೂಲಿ ಕೊಟ್ಟೆಯಾ ಎಂದು ಒಂದು ಮಾತೂ ವಿಚಾರಿಸಿರಲಿಲ್ಲ. ಅಂದೇ ಅವನನ್ನು ಕರೆಸಿ ನನ್ನ ತಪ್ಪನ್ನು ಹೇಳಿಕೊಂಡೆ. ಅವನು ಅಣ್ಣನಿಂದ ಸಾಲ ಪಡೆದು ಆ ಸಂಜೆಯೇ ಇಬ್ಬರ ಬಾಕಿಯನ್ನೂ ತೀರಿಸಿದ. ಆಮೇಲೆ ನಾವಿಬ್ಬರೂ ಕುಳಿತು ಈ ವಿಷಯವನ್ನು ಮೊದಲಿನಿಂದ ಕಲಿತೆವು. ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕರಾರುಗಳು ಎರಡು

ಮೊದಲು ತಿಳಿಯಬೇಕಾದದ್ದು, ಇಲ್ಲಿರುವುದು ಒಂದು ಕರಾರಲ್ಲ, ಎರಡು. ಮನೆಯವರಿಗೂ ಕೆಲಸ ವಹಿಸಿಕೊಂಡವನಿಗೂ ಒಂದು. ವಹಿಸಿಕೊಂಡವನಿಗೂ ದುಡಿಯುವವರಿಗೂ ಇನ್ನೊಂದು. ಮೊದಲನೆಯದರಲ್ಲಿ ನಷ್ಟವಾಯಿತೆಂದು ಎರಡನೆಯದನ್ನು ಮುರಿಯುವಂತಿಲ್ಲ. ದಿನಗೂಲಿಗೆ ಬಂದವಳು ಲಾಭದಲ್ಲಿ ಪಾಲುದಾರಳಲ್ಲ. ಹಾಗಿರುವಾಗ ನಷ್ಟದಲ್ಲಿ ಅವಳನ್ನು ಪಾಲುದಾರಳನ್ನಾಗಿ ಮಾಡುವುದು ಯಾವ ನ್ಯಾಯ?

ಕೂಲಿಯಾಳಿನ ಬೆವರು ಆರುವ ಮುನ್ನವೇ ಕೂಲಿ ಕೊಟ್ಟುಬಿಡಬೇಕೆಂಬ ಪ್ರವಾದಿವರ್ಯರ(ಸ) ಆದೇಶ ಇಬ್ನು ಮಾಜಃದಲ್ಲಿ ವರದಿಯಾಗಿದೆ. ಅದನ್ನು ನಾವೆಲ್ಲರೂ ಕೇಳಿದ್ದೇವೆ. ಅದಕ್ಕಿಂತಲೂ ನಡುಗಿಸುವ ಇನ್ನೊಂದು ವರದಿ ಸಹೀಹ್ ಬುಖಾರಿಯಲ್ಲಿದೆ. ಅಂತ್ಯದಿನದಲ್ಲಿ ಸ್ವತಃ ಅಲ್ಲಾಹನೇ ಮೂವರ ವಿರುದ್ಧ ಪ್ರತಿವಾದಿಯಾಗಿ ನಿಲ್ಲುವನು. ಅವರಲ್ಲಿ ಒಬ್ಬನು ಆಳನ್ನು ಗೊತ್ತುಮಾಡಿ ಪೂರ್ತಿ ಕೆಲಸ ತೆಗೆದುಕೊಂಡು ಕೂಲಿ ಕೊಡದವನು. ಆ ದಿನ ನಮ್ಮ ಪರವಾಗಿ ಮಾತಾಡುವವರು ಯಾರು?

ಹಾಗಾದರೆ ದರ ನಿಗದಿಪಡಿಸುವವನು ಮೊದಲು ಮನೆಯವರ ಜೇಬನ್ನು ನೋಡಬಾರದು, ತನ್ನ ಲಾಭವನ್ನೂ ನೋಡಬಾರದು. ದುಡಿಯುವವರ ಕೂಲಿಯನ್ನು ಪೂರ್ತಿ ಕೊಡಲು ಎಷ್ಟು ಬೇಕೆಂದು ಮೊದಲು ನೋಡಬೇಕು. ಕಡಿಮೆ ದರ ಹೇಳುವುದು ಎಲ್ಲ ಸಂದರ್ಭಗಳಲ್ಲೂ ಔದಾರ್ಯವಲ್ಲ. ಬೇರೆಯವರ ಕೂಲಿಯಿಂದ ಕಳೆದು ಕೊಡುವ ರಿಯಾಯಿತಿ ಔದಾರ್ಯವಾಗುವುದಿಲ್ಲ.

ಕೆಲಸ ಇಂಥದ್ದೆಂದು ತಿಳಿದಿರಬೇಕು

ಶ್ರಮವನ್ನು ಬಾಡಿಗೆಗೆ ಪಡೆಯುವ ಕರಾರನ್ನು ಫಿಕ್ಹ್‌ನಲ್ಲಿ 'ಇಜಾರಃ' ಎನ್ನುತ್ತಾರೆ. ಅದು ಸಿಂಧುವಾಗಲು ಮಾಡಬೇಕಾದ ಕೆಲಸವೂ ತಿಳಿದಿರಬೇಕು, ಕೊಡಬೇಕಾದ ಪ್ರತಿಫಲವೂ ತಿಳಿದಿರಬೇಕು. ಮುಂದೆ ಜಗಳಕ್ಕೆ ಕಾರಣವಾಗುವಷ್ಟು ಅಸ್ಪಷ್ಟತೆ ಉಳಿದರೆ ಕರಾರು ಕೆಡುತ್ತದೆ. ಹಾಗೆ ಕೆಟ್ಟ ಕರಾರಿನಲ್ಲಿ ಕೆಲಸ ಮುಗಿದುಹೋಗಿದ್ದರೆ ಅಂಥ ಕೆಲಸಕ್ಕೆ ಆ ಊರಿನಲ್ಲಿ ಸಲ್ಲುವ ರೂಢಿಯ ಕೂಲಿಯನ್ನು ಆಧಾರವಾಗಿಟ್ಟು ತೀರ್ಮಾನಿಸುತ್ತಾರೆ. ಇದರ ವಿವರಗಳಲ್ಲಿ ಶಾಫಿಈ ಹಾಗೂ ಹನಫೀ ಮದ್‌ಹಬ್‌ಗಳ ನಡುವೆ ವ್ಯತ್ಯಾಸಗಳಿವೆ. ವಿವಾದವೆದ್ದಾಗ ತಮ್ಮ ಊರಿನ ವಿದ್ವಾಂಸರನ್ನು ಕೇಳಬೇಕು. ನಾನು ಹೇಳುವುದು ವಿವಾದ ಏಳದಂತೆ ಮಾಡುವ ದಾರಿಯನ್ನು.

'ಮನೆ ಕ್ಲೀನ್ ಮಾಡಿಕೊಡಿ' ಎಂಬ ಮಾತಿನಲ್ಲಿ ಕೆಲಸ ತಿಳಿಯುವುದಿಲ್ಲ. ಗುಡಿಸಿ ಒರೆಸುವುದು ದಿನನಿತ್ಯದ ಶುಚಿ. ಸಾಮಾನುಗಳನ್ನು ಸರಿಸಿ ಅಡಿ ತೊಳೆಯುವುದು, ಫ್ಯಾನಿನ ರೆಕ್ಕೆ, ಕಿಟಕಿಯ ಸರಳು, ಕಪಾಟಿನ ಒಳಭಾಗ, ಅಡುಗೆ ಮನೆಯ ಚಿಮಣಿ, ಸ್ನಾನದ ಮನೆಯ ಟೈಲ್ಸ್‌ಗಳ ನಡುವಿನ ಕರಿ, ನಲ್ಲಿಗಳ ಮೇಲಿನ ಬಿಳಿ ಕಲೆ, ಇವನ್ನೆಲ್ಲ ತೆಗೆಯುವುದು ಆಳವಾದ ಶುಚಿ. ಜನರು 'ಡೀಪ್ ಕ್ಲೀನಿಂಗ್' ಎನ್ನುವುದು ಇದನ್ನೇ. ಒಬ್ಬರ ಮನಸ್ಸಿನಲ್ಲಿ ಮೊದಲನೆಯದು, ಇನ್ನೊಬ್ಬರ ಮನಸ್ಸಿನಲ್ಲಿ ಎರಡನೆಯದು ಇದ್ದರೆ ಸಂಜೆ ಹೊತ್ತಿಗೆ ಮನಸ್ತಾಪ ಖಂಡಿತ.

ಆದ್ದರಿಂದ ಮನೆಯನ್ನು ನೋಡದೆ ದರ ಹೇಳಬಾರದು. ಹೋಗಲು ಆಗದಿದ್ದರೆ ಪ್ರತಿಯೊಂದು ಕೋಣೆಯ ಚಿತ್ರಗಳನ್ನು ಮೊಬೈಲ್‌ನಲ್ಲಿ ತರಿಸಿಕೊಳ್ಳಬೇಕು. ಎಷ್ಟು ಸ್ನಾನದ ಮನೆಗಳಿವೆ, ಮನೆ ಎಷ್ಟು ಕಾಲದಿಂದ ಮುಚ್ಚಿದೆ, ಪೈಂಟ್ ಮಾಡಿದ ಹನಿಗಳು ನೆಲದ ಮೇಲೆ ಒಣಗಿವೆಯೇ, ನೆಲ ಮಾರ್ಬಲ್ಲೋ ಗ್ರಾನೈಟೋ ಕೆಂಪು ಸಿಮೆಂಟೋ, ನೀರು ಕರೆಂಟು ಇದೆಯೇ ಎಂದು ಕೇಳಬೇಕು. ಮಾರ್ಬಲ್ ನೆಲಕ್ಕೆ ಆಸಿಡ್ ಬಿದ್ದರೆ ಹೊಳಪು ಹೋಗಿ ಕಲ್ಲೇ ಹಾಳಾಗುತ್ತದೆ. ಈ ಪ್ರಶ್ನೆ ಕೇಳದವನು ದರವನ್ನಷ್ಟೇ ಅಲ್ಲ, ಮನೆಯನ್ನೂ ಕೆಡಿಸಿಯಾನು.

ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಎಷ್ಟು ಹಣ ಎಂಬ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಬೇಕು. 'ಅಲ್ ಬಕರಃ' ಅಧ್ಯಾಯದ 282ನೆಯ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವಂತೆ ಹೇಳುತ್ತದೆ. ಮನುಷ್ಯನ ನೆನಪನ್ನು ನೆಚ್ಚಿಕೊಳ್ಳದಿರುವ ಆ ಶಿಸ್ತು ಇಲ್ಲಿಯೂ ನಮ್ಮನ್ನು ಕಾಪಾಡುತ್ತದೆ. ಕೆಲಸದ ನಡುವೆ ಬೇರೆ ಕೆಲಸ ಕಂಡರೆ ಮೊದಲು ಹೇಳಿ, ದರ ಒಪ್ಪಿಸಿ, ನಂತರ ಕೈ ಹಚ್ಚಬೇಕು. ಮುಗಿಸಿದ ಮೇಲೆ 'ಅದಕ್ಕೆ ಬೇರೆ' ಎನ್ನುವುದು ಸರಿಯಲ್ಲ.

ಲೆಕ್ಕ ಹೀಗೆ

ಈಗ ಒಂದು ಲೆಕ್ಕ ಮಾಡೋಣ. ಇಲ್ಲಿನ ಸಂಖ್ಯೆಗಳು ಉದಾಹರಣೆಗೆ ಮಾತ್ರ; ನಿಮ್ಮ ಊರಿನ ಕೂಲಿಯನ್ನು ಹಾಕಿಕೊಳ್ಳಿ. ಸರ್ಕಾರ ಗೊತ್ತುಪಡಿಸುವ ಕನಿಷ್ಠ ವೇತನಕ್ಕಿಂತ ಅದು ಕಡಿಮೆಯಾಗಬಾರದು.

ಎರಡು ಮಲಗುವ ಕೋಣೆ, ಎರಡು ಸ್ನಾನದ ಮನೆ ಇರುವ ಮನೆ. ಒಬ್ಬರು ಒಂದು ಗಂಟೆ ದುಡಿದರೆ ಅದು 'ಒಂದಾಳು-ಗಂಟೆ'. ಅಡುಗೆ ಮನೆಗೆ 4, ಸ್ನಾನದ ಮನೆಗಳಿಗೆ 4, ಹಜಾರಕ್ಕೆ 3, ಮಲಗುವ ಕೋಣೆಗಳಿಗೆ 4, ಕಿಟಕಿ ಮತ್ತು ಜಗಲಿಗೆ 3, ಒಟ್ಟು 18. ಅಂದರೆ ಮೂವರು 6 ಗಂಟೆ ದುಡಿಯಬೇಕು. ಗಂಟೆಗೆ 100 ರೂಪಾಯಿಯಂತೆ 1,800. ಹೋಗಿ ಬರುವ ದಾರಿಯಲ್ಲಿ ಮೂವರಿಗೂ ಒಂದೊಂದು ಗಂಟೆ ಹೋಗುತ್ತದೆ; ಅದಕ್ಕೆ 300. ಈ ಮೂವರಲ್ಲಿ ಯಜಮಾನನೂ ಒಬ್ಬನಾಗಿದ್ದರೆ ಅವನ ಕೂಲಿಯನ್ನೂ ಸೇರಿಸಬೇಕು. ತನ್ನ ಶ್ರಮಕ್ಕೆ ಸೊನ್ನೆ ಬರೆದುಕೊಳ್ಳುವವನ ಲೆಕ್ಕ ಹೆಚ್ಚು ದಿನ ನಿಲ್ಲುವುದಿಲ್ಲ. ಸಾಬೂನು, ಔಷಧಿ, ಬಟ್ಟೆ, ಕೈಗವಸಿಗೆ 350. ವಾಹನಕ್ಕೆ 250. ಇನ್ನು ಯಂತ್ರಗಳು: 36,000 ರೂಪಾಯಿ ಕೊಟ್ಟು ತಂದ ಯಂತ್ರಗಳು 300 ಮನೆಗಳಿಗೆ ಬಾಳುತ್ತವೆಂದು ಇಟ್ಟುಕೊಂಡರೆ ಒಂದು ಮನೆಗೆ 120 ಸವೆಯುತ್ತದೆ. ಫೋನು, ಚೀಟಿ, ಮನೆ ನೋಡಲು ಹೋದ ಖರ್ಚು 280. ಎಲ್ಲ ಕೂಡಿದರೆ 3,100 ರೂಪಾಯಿ.

ಇದು ಅಸಲು. ನೆನೆಸದ ಖರ್ಚಿಗೆ, ಸರಿಯಾಗದ್ದನ್ನು ಮತ್ತೆ ಮಾಡಿಕೊಡಲು ನೂರಕ್ಕೆ ಹತ್ತು, ಅಂದರೆ 310 ಸೇರಿಸಿದರೆ 3,410. ಅದರ ಮೇಲೆ ನೂರಕ್ಕೆ ಇಪ್ಪತ್ತು ಲಾಭ 682. ಒಟ್ಟು 4,092, ಸುಮಾರು 4,100 ರೂಪಾಯಿ. 2,500ಕ್ಕೆ ಒಪ್ಪಿಕೊಂಡ ನಮ್ಮ ಯುವಕ ಈ ಲೆಕ್ಕವನ್ನು ಕಂಡು ಬಹಳ ಹೊತ್ತು ಮಾತಾಡಲಿಲ್ಲ. ಆ ಮನೆಗಿದ್ದ ಬೂಷ್ಟಿಗೆ ಇಷ್ಟೂ ಸಾಲುತ್ತಿರಲಿಲ್ಲ.

ಇನ್ನೊಂದು ಮಾತು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕು. ತೆರಿಗೆಯನ್ನು ಮುಚ್ಚಿಟ್ಟು ಕಡಿಮೆ ದರ ಹೇಳುವುದು ವ್ಯಾಪಾರದ ಚಾತುರ್ಯವಲ್ಲ.

ಗಂಟೆಗೋ, ಗುತ್ತಿಗೆಗೋ?

ಸಮಯಕ್ಕೆ ಗೊತ್ತಾದ ಆಳು ಬೇರೆ, ಕೆಲಸಕ್ಕೆ ಗೊತ್ತಾದ ಆಳು ಬೇರೆ ಎಂದು ಫಕೀಹರು ವಿಂಗಡಿಸಿದ್ದಾರೆ. ಮನೆಯವರೊಂದಿಗೆ ನಾವು ಯಾವ ರೀತಿಯಲ್ಲಿ ಒಪ್ಪಿದ್ದೇವೆಂಬುದು ಸ್ಪಷ್ಟವಿರಬೇಕು. ಗಂಟೆಯ ಲೆಕ್ಕವಾದರೆ 'ಮೂವರು, ಆರು ಗಂಟೆ, ಮೊದಲು ಅಡುಗೆ ಮನೆ' ಎಂದು ಹೇಳಬೇಕು. ಸಮಯ ಮುಗಿದಾಗ ಉಳಿದ ಕೆಲಸ ಉಳಿಯುತ್ತದೆ. ಬೇಕೆಂದೇ ನಿಧಾನ ಮಾಡಿದರೆ ಅದು ತಕ್ಕಡಿಯಲ್ಲಿ ಬೆರಳಿಟ್ಟಂತೆ. ಗುತ್ತಿಗೆಯಾದರೆ ಬರೆದ ಕೆಲಸ ಮುಗಿಯುವವರೆಗೂ ನಾವು ಹೊಣೆ. ಕಣ್ಣಾರೆ ನೋಡಿ, ಬರೆದು ಒಪ್ಪಿಕೊಂಡ ನಂತರ ನಮ್ಮ ಅಂದಾಜು ತಪ್ಪಿದರೆ ನಷ್ಟ ನಮ್ಮದೇ. ಮನೆಯವರ ಮುಂದೆ ಕಷ್ಟ ಹೇಳಿಕೊಳ್ಳಬಹುದು, ಹಕ್ಕೆಂದು ಕೇಳುವಂತಿಲ್ಲ.

ಚದರಡಿಗೆ ಇಷ್ಟೆಂದು ಹೇಳುವವರೂ ಇದ್ದಾರೆ. ಖಾಲಿ ಮನೆಗೆ ಅದು ಸುಲಭ. ಆದರೆ ಸಾವಿರ ಚದರಡಿಯ ಎರಡು ಮನೆಗಳು ಒಂದೇ ಅಲ್ಲ. ಇಬ್ಬರು ವೃದ್ಧರಿರುವ ಮನೆಗೂ, ದಿನವೂ ಮೀನು ಹುರಿಯುವ ಒಂಬತ್ತು ಜನರ ಮನೆಗೂ ಅಡುಗೆ ಮನೆಯ ಗೋಡೆಯೇ ಸಾಕ್ಷಿ ಹೇಳುತ್ತದೆ.

ತುರ್ತು ಕೆಲಸಕ್ಕೆ ಬೇರೆ ದರವಿರಬಹುದೇ? ಹನಫೀ ಗ್ರಂಥ 'ಹಿದಾಯಃ'ದಲ್ಲಿ ದರ್ಜಿಯ ಉದಾಹರಣೆಯಿದೆ. ಇಂದು ಹೊಲಿದರೆ ಒಂದು ದಿರ್ಹಮ್, ನಾಳೆಯಾದರೆ ಅರ್ಧ ಎಂಬ ಕರಾರು. ಇಮಾಮ್ ಅಬೂ ಹನೀಫಾ(ರ)ರು ಅದರ ಮೊದಲ ಭಾಗವನ್ನು ಮಾತ್ರ ಒಪ್ಪಿದರೆ, ಅವರ ಇಬ್ಬರು ಶಿಷ್ಯರು ಎರಡನ್ನೂ ಒಪ್ಪಿದ್ದಾರೆ. ಇಷ್ಟು ಸೂಕ್ಷ್ಮವಾಗಿ ಅವರು ಯೋಚಿಸಿದ್ದಾರೆಂದರೆ ನಾವು ಬಾಯಿಗೆ ಬಂದಂತೆ ದರ ಹೇಳಬಹುದೇ? ಇಂದಿಗೆ ಇಷ್ಟು, ಮುಂದಿನ ವಾರಕ್ಕೆ ಇಷ್ಟು ಎಂದು ಎರಡು ದರಗಳಿದ್ದರೆ, ಕೆಲಸ ಆರಂಭಿಸುವ ಮುನ್ನವೇ ಒಂದನ್ನು ಆರಿಸಿ ಒಪ್ಪಿಕೊಳ್ಳುವುದು ಕ್ಷೇಮ.

ಹೆಚ್ಚು ಕೇಳುವ ಮೋಹ

ಮದೀನದಲ್ಲಿ ಬೆಲೆ ಏರಿದಾಗ ಜನರು ಬೆಲೆ ನಿಗದಿಪಡಿಸುವಂತೆ ಪ್ರವಾದಿವರ್ಯರನ್ನು(ಸ) ಕೋರಿದರು. ಯಾರ ಮೇಲೂ ಅನ್ಯಾಯ ಮಾಡಿದ ಹೊಣೆಯಿಲ್ಲದೆ ಅಲ್ಲಾಹನನ್ನು ಭೇಟಿಯಾಗಲು ಬಯಸುವುದಾಗಿ ಹೇಳಿ ಅವರು ಅದನ್ನು ನಿರಾಕರಿಸಿದರು. ಇದರಿಂದ ವ್ಯಾಪಾರಿಗೆ ದರ ಹೇಳುವ ಸ್ವಾತಂತ್ರ್ಯವಿದೆಯೆಂದು ತಿಳಿಯುತ್ತದೆ. ಆದರೆ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯ ತೇವವನ್ನು ಕಂಡು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದವರೂ ಅವರೇ. ಸ್ವಾತಂತ್ರ್ಯವಿದೆ, ಮುಚ್ಚಿಡುವ ಸ್ವಾತಂತ್ರ್ಯವಿಲ್ಲ.

ರಂಝಾನ್‌ಗೆ ಮುಂಚಿನ ವಾರ ರಾತ್ರಿಯೂ ದುಡಿಯಬೇಕಾಗಿ, ಆಳುಗಳಿಗೆ ಹೆಚ್ಚು ಕೂಲಿ ಕೊಡುವುದಾದರೆ ದರ ಹೆಚ್ಚಿಸುವುದು ಸಹಜ. ಗೇಟು ದೊಡ್ಡದಿದೆ, ಮನೆಯವರು ದುಬೈಯಲ್ಲಿದ್ದಾರೆ, ಅವರಿಗೆ ಇಲ್ಲಿನ ದರ ತಿಳಿಯದು ಎಂದು ಹೆಚ್ಚಿಸುವುದು ಬೇರೆ. ನಂಬಿ ಬಂದವನ ಅಜ್ಞಾನಕ್ಕೆ ದರ ಕಟ್ಟುವುದು ವಂಚನೆಗೆ ಹತ್ತಿರದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಗಳಿಗೆ ಕೆಸರು ನುಗ್ಗಿದಂತಹ ಸಮಯದಲ್ಲಂತೂ ಲಾಭದ ಮಾತನ್ನೇ ಬದಿಗಿಡಬೇಕು. ಅಂದು ಆಳುಗಳ ಕೂಲಿ, ಸಾಮಾನಿನ ಅಸಲು ಸಿಕ್ಕಿದರೆ ಸಾಕು. ನಮ್ಮ ಪಾಲಿನದು ಅಲ್ಲಾಹನ ಬಳಿ ಇರಲಿ.

ದರವೇ ಇಲ್ಲದ ಕೆಲಸಗಳು

ಕೆಲವು ಕೆಲಸಗಳನ್ನು ಎಷ್ಟು ಹಣ ಕೊಟ್ಟರೂ ಒಪ್ಪಬಾರದು. ಶೌಚಗುಂಡಿಗೆ ಆಳನ್ನು ಇಳಿಸುವುದು ಅಂಥದ್ದು. 2013ರ ಕಾನೂನು ಅದನ್ನು ಅಪರಾಧವೆಂದು ನಿಷೇಧಿಸಿದೆ. ಸುರಕ್ಷಾ ಪಟ್ಟಿಯಿಲ್ಲದೆ ಮೇಲಂತಸ್ತಿನ ಕಿಟಕಿಯ ಹೊರಭಾಗ ಒರೆಸಲು ಕಳುಹಿಸುವುದೂ ಹಾಗೆಯೇ. ಬ್ಲೀಚಿಂಗ್ ಮತ್ತು ಆಸಿಡ್ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಮುಚ್ಚಿದ ಸ್ನಾನದ ಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಆದ್ದರಿಂದ ಕೈಗವಸು, ಮುಖವಸ್ತ್ರಗಳ ಬೆಲೆ ದರದೊಳಗೇ ಇರಬೇಕು. ಅದನ್ನು ಕಡಿತಗೊಳಿಸಿ ಯಾರಿಗೂ ರಿಯಾಯಿತಿ ಕೊಡುವಂತಿಲ್ಲ.

ಕೈತಪ್ಪಿ ಗಾಜಿನ ಲೋಟ ಒಡೆದರೆ? ದಿನಗೂಲಿಯ ಆಳಿನ ಕೈಯಲ್ಲಿರುವುದು ಅಮಾನತ್. ಅಜಾಗರೂಕತೆ ಇಲ್ಲದೆ ಒಡೆದುದಕ್ಕೆ ಅವಳ ಕೂಲಿಯಿಂದ ಹಿಡಿಯಬಾರದು. ಬೆಲೆಬಾಳುವ ಸಾಮಾನುಗಳನ್ನು ಮೊದಲೇ ತೆಗೆದಿಡಲು ಮನೆಯವರಿಗೆ ಚೀಟಿಯಲ್ಲೇ ತಿಳಿಸಿರಬೇಕು.

ಕರೆಸುವವರಿಗೆ ಎರಡು ಮಾತು

ಈವರೆಗೆ ದರ ಹೇಳುವವರಿಗೆ ಹೇಳಿದೆ. ಕೇಳುವವರು ನಾವೂ ಇದ್ದೇವೆ. ಹೋಟೆಲಿನಲ್ಲಿ ಬಿಲ್ಲು ನೋಡದೆ ಕೊಡುವ ನಾವು ಬಚ್ಚಲು ಉಜ್ಜಿದವಳೊಂದಿಗೆ ಐವತ್ತು ರೂಪಾಯಿಗೆ ಚೌಕಾಶಿ ಮಾಡುತ್ತೇವೆ. 'ಬಂದಿದ್ದೀರಲ್ಲ, ಈ ಕಪಾಟನ್ನೂ ಒಂದು ಸಲ ಒರೆಸಿಬಿಡಿ' ಎಂದು ಸುಲಭವಾಗಿ ಹೇಳುತ್ತೇವೆ.

'ಅಲ್ ಕಸಸ್' ಅಧ್ಯಾಯದಲ್ಲಿ ಮೂಸಾ(ಅ)ರ ದುಡಿಮೆಯ ಕರಾರು ಬರುತ್ತದೆ. ಎಂಟು ವರ್ಷ ಎಂಬುದು ಕರಾರು. ಹತ್ತು ಪೂರ್ತಿಗೊಳಿಸಿದರೆ ಅದು ಅವರ ಇಚ್ಛೆ. ಕಷ್ಟಕ್ಕೆ ಗುರಿಪಡಿಸಲು ತಾನು ಬಯಸುವುದಿಲ್ಲವೆಂದು ಆ ವೃದ್ಧರು ಆಗಲೇ ಹೇಳಿಬಿಟ್ಟರು. ಗಮನಿಸಿ, ಹೆಚ್ಚಿನ ಎರಡನ್ನು ಕೊಡುವುದು ದುಡಿಯುವವನ ಔದಾರ್ಯಕ್ಕೆ ಬಿಟ್ಟದ್ದು, ದುಡಿಸುವವನ ಹಕ್ಕಲ್ಲ. ಆ ಕಪಾಟಿನ ವಿಷಯವೂ ಇಷ್ಟೇ.

ಮಸ್ಜಿದುನ್ನಬವಿಯನ್ನು ಗುಡಿಸುತ್ತಿದ್ದ ಒಬ್ಬ ಮಹಿಳೆ ತೀರಿಕೊಂಡಾಗ, ಅದನ್ನು ದೊಡ್ಡ ವಿಷಯವೆಂದು ಭಾವಿಸದೆ ಜನರು ಪ್ರವಾದಿವರ್ಯರಿಗೆ(ಸ) ತಿಳಿಸದೆಯೇ ದಫನ ಮಾಡಿದ್ದರು. ಅವರು ಆಕೆಯನ್ನು ವಿಚಾರಿಸಿದರು, ತಮಗೇಕೆ ತಿಳಿಸಲಿಲ್ಲವೆಂದು ಕೇಳಿದರು, ಗೋರಿಯ ಬಳಿಗೆ ಹೋಗಿ ಆಕೆಗಾಗಿ ನಮಾಝ್ ನಿರ್ವಹಿಸಿದರು. ಪೊರಕೆ ಹಿಡಿದ ಕೈ ಕಾಣದಿದ್ದಾಗ ಎಲ್ಲಿ ಎಂದು ಕೇಳಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ನಮ್ಮ ಮನೆಯನ್ನು ಬೆಳಗಿಸಿ ಹೋದವರ ಹೆಸರಾದರೂ ನಮಗೆ ಗೊತ್ತಿದೆಯೇ?

ಆ ಯುವಕ ಇಂದಿಗೂ ಅದೇ ಕೆಲಸ ಮಾಡುತ್ತಿದ್ದಾನೆ. ಮನೆ ನೋಡದೆ ದರ ಹೇಳುವುದಿಲ್ಲ. ಸಂಜೆ ಸಾಮಾನು ಕಟ್ಟುವ ಮುನ್ನ ಕೂಲಿ ಎಣಿಸಿ ಕೊಡುತ್ತಾನೆ. ದರ ಕೇಳಿ ಬೇರೆಡೆಗೆ ಹೋಗುವವರೂ ಇದ್ದಾರೆ. ರಿಝ್ಕ್ ಕೊಡುವವನು ಅಲ್ಲಾಹನೆಂದು ಅವನು ಸುಮ್ಮನಾಗುತ್ತಾನೆ. ಈಗ ಅವನು ಸಬ್ರ್ ಮಾಡುತ್ತಿರುವುದು ತನ್ನದೇ ಪಾಲಿನಿಂದ. ಯಾರಾದರೂ ಇಶಾ ನಂತರ ಬಂದು ವ್ಯಾಪಾರದ ಮಸ್ಅಲಃ ಕೇಳಿದರೆ ನಾನೂ ಈಗ ಮೊದಲು ಕೇಳುವುದು ಇದನ್ನೇ: "ನಿನ್ನೊಂದಿಗೆ ದುಡಿದವರಿಗೆ ಕೊಟ್ಟೆಯಾ?"

ಕೊಡುವಾಗಲೂ ಪಡೆಯುವಾಗಲೂ ತಕ್ಕಡಿಯನ್ನು ನೆಟ್ಟಗೆ ಹಿಡಿಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.